ಮೂಡಿಗೆರೆಯಲ್ಲಿ ನಿಂತ ಲುಂಗಿ

ಕೊಟ್ಟಿಗೆಹಾರದ ಅಹಮದ್ ಅವರ ಹೋಟೆಲಿನಲ್ಲಿ ಯಾರನ್ನೂ ಸುಳ್ಳುಗಾರ ಅಂತ ಕರೆಯುವ ಪದ್ಧತಿ ಇಲ್ಲ. ಅಲ್ಲಿ ಕೂರುವವರು ಮರ್ಯಾದಸ್ಥರು. ಹೇಳುವವನ ಮಾತು ಗೆರೆ ದಾಟಿತು ಅನ್ನಿಸಿದರೆ ಕೇಳುವವರು ಚಹಾ ಮುಗಿಸಿ ಗ್ಲಾಸನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ, ಅಷ್ಟೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದು ಈಗ ನಿವೃತ್ತರಾಗಿರುವ ಚನ್ನಕೇಶವ ಅವರು ಬಾಯಿ ತೆರೆದರೆ, ಗ್ಲಾಸು ಬೋರಲಾಗುವ ಸದ್ದು ಚಾರ್ಮಾಡಿ ಘಾಟಿಯ ಮೊದಲನೇ ತಿರುವಿನವರೆಗೆ ಕೇಳಿಸುತ್ತದೆ. ಅವರಿಗೆ ಅದೇ ಚಪ್ಪಾಳೆ. ಒಂದು ಮಳೆಗಾಲದಲ್ಲಿ ಜಿಗಣೆಯೊಂದು ಅವರನ್ನು ಬೂಟು ಸಮೇತ ಹಳ್ಳದವರೆಗೆ ಎಳೆದುಕೊಂಡು ಹೋದ ಕಥೆ ಹೇಳಿದ ದಿನ ಗ್ಲಾಸುಗಳೆಲ್ಲ ಮುಗಿದು, ಕೊನೆಗೆ ಅಹಮದ್ ಅವರೇ ಸಕ್ಕರೆ ಡಬ್ಬಿಯನ್ನು ಬೋರಲು ಹಾಕಿದ್ದರು.

ಇಂಥ ಜಾಗದಲ್ಲಿ ತಾಹಿರಾ ನಿಜ ಹೇಳಲು ಕೂತಳು.

ತಾಹಿರಾ ಅಂದರೆ ಅಹಮದ್ ಅವರ ತಂಗಿ. ಅವಳ ಗಂಡ ಇಜಾಜ್ ಇದೇ ಸರ್ಕಲ್ಲಿನಲ್ಲಿ ಜೀಪು ರಿಪೇರಿ ಮಾಡಿಕೊಂಡಿದ್ದವನು, ನಾಲ್ಕು ವರ್ಷದ ಕೆಳಗೆ ಕೆನಡಾದ ವಿನ್ನಿಪೆಗ್ ಎಂಬ ಊರಿಗೆ ಲಾರಿ ರಿಪೇರಿಗೆ ಹೋದ. ಹಿಂದೆಯೇ ಅವಳೂ ಹೋದಳು. ಈಗ ಸ್ವಲ್ಪ ದಿನದ ಮಟ್ಟಿಗೆ ಊರಿಗೆ ಬಂದಿದ್ದಾಳೆ. ವಾಪಸು ಹೋಗುವಾಗ ಅಣ್ಣನ ಮಗಳು ಇರಮ್ ಜೊತೆಗೆ ಹೊರಡುವುದೆಂದು ತೀರ್ಮಾನ. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಹುಡುಗಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಟಿಕೆಟ್ಟೂ ಆಗಿದೆ. ಆದರೆ ತಾಹಿರಾ ಅವಳ ಪೆಟ್ಟಿಗೆಯೊಳಗೆ ಇಣುಕಿದಾಗ ಕಂಡದ್ದು ಹತ್ತಿಯ ಚೂಡಿದಾರಗಳು, ಒಂದು ಕೊಡೆ, ಮತ್ತೆ ಒಂದೇ ಒಂದು ಸ್ವೆಟರ್.

"ಇಷ್ಟೇನಾ?"

"ಸಾಕು ಫುಪ್ಪು," ಅಂದಳು ಇರಮ್. ಅತ್ತೆಯನ್ನು ಅವಳು ಕರೆಯುವುದು ಹಾಗೆ. "ಬಾಬಾಬುಡನ್‌ಗಿರಿ ಮೇಲೆ ಡಿಸೆಂಬರಲ್ಲಿ ಇದೊಂದರಲ್ಲೇ ತಿರುಗಿದೀನಿ. ಚಳಿ ಬಗ್ಗೆ ನಂಗೆ ಹೇಳ್ಬೇಡಿ."

ಸುಮ್ಮನಿದ್ದರೆ ಇರಮ್ ಬರುತ್ತಾಳೆ. ತಾಹಿರಾಗೆ ಅವಳು ಬರಬೇಕಿತ್ತು. ವಿನ್ನಿಪೆಗ್ಗಿನ ಚಳಿಗಾಲದಲ್ಲಿ ಇಜಾಜ್ ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಬರುತ್ತಾನೆ. ನಡುವಿನ ಹೊತ್ತಿನಲ್ಲಿ ಅವಳು ಕುಕ್ಕರ್ ಜೊತೆ ಕನ್ನಡ ಮಾತಾಡುತ್ತಾಳೆ, ಅದು ಸೀಟಿ ಹೊಡೆದು ಉತ್ತರ ಕೊಡುತ್ತದೆ. ಇರಮ್ ಕೆಲಸದ ಸುದ್ದಿ ಬಂದ ದಿನವೇ ಗಂಡನನ್ನೂ ಕೇಳದೆ ಒಳಕೋಣೆಗೆ ಇನ್ನೊಂದು ಮಂಚ ತಂದು ಹಾಕಿದ್ದಳು. ನಿಜ ಹೇಳಿದರೆ ಆ ಮಂಚ ಖಾಲಿ ಉಳಿಯಬಹುದು. ಹೇಳದಿದ್ದರೆ ಹುಡುಗಿಯ ಬೆರಳುಗಳ ಗತಿ ಏನಾಗುತ್ತದೆ ಎಂಬುದು ತಾಹಿರಾಗೆ ಓದಿ ತಿಳಿದ ವಿಷಯವಾಗಿರಲಿಲ್ಲ.

ಹಾಗಾಗಿ ಆ ಸಂಜೆ ಹೋಟೆಲಿನಲ್ಲಿ, ನೀರುದೋಸೆಯ ಮುಂದೆ ಇರಮ್‌ಳನ್ನು ಕೂರಿಸಿಕೊಂಡು ಶುರು ಮಾಡಿದಳು.

"ಅಲ್ಲಿ ರಾತ್ರಿ ಕಾರಿಗೆ ವೈರ್ ಚುಚ್ಚಿ ಗೋಡೆಗೆ ಕಟ್ಟಿ ಹಾಕ್ಬೇಕು, ಎಮ್ಮೆ ಕಟ್ದಂಗೆ. ಎಂಜಿನ್‌ಗೆ ರಾತ್ರಿಯೆಲ್ಲ ಕರೆಂಟಲ್ಲಿ ಶಾಖ ಕೊಡ್ಬೇಕು. ಇಲ್ದಿದ್ರೆ ಬೆಳಿಗ್ಗೆ ಏಳಲ್ಲ."

ಮೂಲೆಯ ಮೇಜಿನಲ್ಲಿ ಒಂದು ಗ್ಲಾಸು ಬೋರಲಾಯಿತು.

"ಜನವರಿಲಿ ಕೆರೆ ಮೇಲೆ ಪಿಕಪ್ ಓಡಿಸ್ತಾರೆ. ನಡುಮಧ್ಯ ಗುಡಿಸಲು ಹಾಕಿ, ತೂತು ಕೊರೆದು ಮೀನು ಹಿಡೀತಾರೆ. ಜುಲೈಲಿ ಅದೇ ಕೆರೇಲಿ ಮಕ್ಕಳು ಈಜ್ತಾವೆ. ಆಗ ಮಂಗಳೂರಿನ ಸೆಕೆ ಕಣೇ, ರಾತ್ರಿ ಒಂಬತ್ತೂವರೆಗೂ ಬಿಸಿಲು."

ಟಕ್, ಟಕ್, ಟಕ್. ಚನ್ನಕೇಶವ ಅವರು ಪೇಪರು ಕೆಳಗಿಟ್ಟರು.

"ಒಂದೇ ಊರಾ ತಾಹಿರಮ್ಮ?"

"ಒಂದೇ ಊರು ಅಣ್ಣ."

"ಕೆರೇನೂ ಒಂದೇ?"

"ಒಂದೇ."

ಚನ್ನಕೇಶವ ಅವರು ತಮ್ಮ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ಬೋರಲು ಹಾಕಿದರು. "ಇಷ್ಟು ವರ್ಷದಿಂದ ಹೇಳ್ತಿದೀನಿ, ನಂಗೇ ಈ ಧೈರ್ಯ ಬಂದಿಲ್ಲ ಮಾರಾಯ್ತಿ."

ತಾಹಿರಾ ಅವರ ಕಡೆ ನೋಡದೆ ಇರಮ್ ಕಡೆಗೇ ತಿರುಗಿ, ಯಾವುದಕ್ಕಾಗಿ ಕೂತಿದ್ದಳೋ ಅದನ್ನು ಹೇಳಿದಳು. ಮೊದಲನೇ ಚಳಿಗಾಲ. ವಾರವೆಲ್ಲ ಮೋಡ, ಹಿಮ. ಒಂದು ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟಂತೆ ನೀಲಿ, ಕಣ್ಣು ಕುಕ್ಕುವ ಬಿಸಿಲು. ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ಜನವರಿಯ ಅಂಥ ಬಿಸಿಲು ಕಂಡರೆ ಕೈಕಾಲು ತಲೆಯನ್ನು ಕೇಳುವುದಿಲ್ಲ. ಕಣದಲ್ಲಿ ಕಾಫಿ ಹರವು, ಮೆಣಸು ಹರವು, ಹಾಸಿಗೆ ಹೊರಗೆ ಹಾಕು ಅನ್ನುತ್ತವೆ. ತಾಹಿರಾ ಆಗಷ್ಟೇ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು, ಒದ್ದೆ ಕೈಯಲ್ಲೇ ಹಿತ್ತಲಿಗೆ ಹೋದಳು.

"ಮೋಡ ಇದ್ರೆ ಅಲ್ಲಿ ಬೆಚ್ಚಗಿರುತ್ತೆ ಕಣೇ. ಬಿಸಿಲು ಬಂತು ಅಂದ್ರೇನೇ ಕೊಲ್ಲೋ ಚಳಿ. ನಂಗೆ ಯಾರು ಹೇಳ್ಬೇಕು? ಎರಡು ಬಟ್ಟೆ ಹರವೋದ್ರೊಳಗೆ ಬೆರಳೆಲ್ಲ ನುಗ್ಗೆಕಾಯಿ. ಮುಟ್ಟಿದ್ರೆ ನಂದಲ್ಲ ಅನ್ಸ್ತು. ಪಕ್ಕದ ಮನೆ ಓಲ್ಗಾ ಅಜ್ಜಿ ಓಡಿ ಬಂದು ನನ್ನ ಎಳ್ಕೊಂಡು ಹೋಗಿ, ನನ್ನ ಕೈನ ತನ್ನ ಕಂಕುಳಲ್ಲಿ ಇಟ್ಕೊಂಡ್ಳು. ಹೊರಗೆ ನಿಮ್ಮ ಮಾಮನ ಲುಂಗಿ ಬಿದ್ದಲ್ಲೇ ಸೆಟೆದು ಎದ್ದು ನಿಂತಿತ್ತು. ಪೋಸ್ಟ್‌ಮ್ಯಾನ್ ಬಂದವನು ಅದಕ್ಕೆ ಗುಡ್ ಮಾರ್ನಿಂಗ್ ಹೇಳಿದ."

ಹೋಟೆಲಿನ ಎಲ್ಲ ಗ್ಲಾಸುಗಳೂ ಒಟ್ಟಿಗೆ ಬೋರಲಾದವು. ಅದನ್ನು ತಾಹಿರಾ ಸಹಿಸುತ್ತಿದ್ದಳು. ಆದರೆ ಎದುರಿಗಿದ್ದ ಇರಮ್ ಕೂಡ ನಗುತ್ತಾ ತನ್ನ ಗ್ಲಾಸು ಬೋರಲು ಹಾಕಿದಳು.

"ಲುಂಗಿ ಚೆನ್ನಾಗಿತ್ತು ಫುಪ್ಪು."

ತಾಹಿರಾ ಎದ್ದು ನಿಂತಳು. "ನಾಳೆ ಮೂಡಿಗೆರೆಗೆ ಹೋಗೋಣ. ಐಸ್‌ಕ್ರೀಂ ಏಜೆಂಟ್ ಯೋಗೇಶ್ ಹತ್ರ ಕೋಲ್ಡ್ ರೂಮ್ ಇದೆ. ಒದ್ದೆ ಲುಂಗಿ ಒಳಗಿಟ್ಟು ನೋಡೋಣ."

"ಲುಂಗಿ ನಂದಾಗ್ಬೇಕು," ಅಂದರು ಚನ್ನಕೇಶವ ಅವರು. "ನಿಮ್ಮದಾದ್ರೆ ರಾತ್ರಿ ಗಂಜಿ ಹಾಕ್ಬಿಡ್ತೀರಿ."

ರಾತ್ರಿ ಯಾರಾದರೂ ಏನಾದರೂ ಮಾಡಿಯಾರೆಂದು ಅವರು ಆ ಲುಂಗಿಯನ್ನು ಉಟ್ಟೇ ಮಲಗಿದರು, ಉಟ್ಟೇ ಜೀಪು ಹತ್ತಿದರು. ಮೂಡಿಗೆರೆಯಲ್ಲಿ ಯೋಗೇಶನ ಅಂಗಡಿಯ ಹಿಂದೆ ಅದನ್ನು ಬಿಚ್ಚಿ, ಎಸ್ಟೇಟು ಕಾಲದ ಖಾಕಿ ಚಡ್ಡಿಯಲ್ಲಿ ನಿಂತು, ತಾವೇ ನಲ್ಲಿಯಲ್ಲಿ ನೆನೆಸಿ ಕೊಟ್ಟರು. ಎಡಗಡೆ ಹೊಲಿಗೆ ಹಾಕಿದ ನೀಲಿ ಚೌಕಳಿ ಲುಂಗಿ. ಯೋಗೇಶ ಅದನ್ನು ಒಳಗೆ ಕೊಕ್ಕೆಗೆ ನೇತುಹಾಕಿ ಕೆಳಗಿನ ಘೇರು ಬಿಡಿಸಿಟ್ಟ.

"ಮೈನಸ್ ಇಪ್ಪತ್ತು ಇದೆ ಅಕ್ಕ. ನಾನೇ ಒಳಗೆ ನಿಲ್ಲಲ್ಲ, ಐಸ್‌ಕ್ರೀಂ ಡಬ್ಬ ತಗೊಂಡಿದ್ದೇ ಓಡಿ ಬರ್ತೀನಿ."

"ನಾನು ಲುಂಗಿ ಕಾಯ್ತೀನಿ," ಅಂದಳು ಇರಮ್. ಗಿರಿಯ ಸ್ವೆಟರಿನ ಗುಂಡಿ ಹಾಕಿಕೊಂಡು, ಯಾರೂ ತಡೆಯುವ ಮೊದಲೇ ಒಳಗೆ ಹೋದಳು.

ತಾಹಿರಾ ಬಾಗಿಲಿಗೆ ಆತುಕೊಂಡು ನಿಂತಳು. ಬೇಗ ಹೊರಗೆ ಬಾ ಅನ್ನಿಸಿತು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರು, ಗೊತ್ತಾಗಲಿ ಅಂತಲೂ ಅನ್ನಿಸಿತು. ಇದಾದ ಮೇಲೆ ಬರುವುದಿಲ್ಲ ಅಂದುಬಿಟ್ಟರೆ ಅಂತ ಮೂರನೆಯದಾಗಿ ಅನ್ನಿಸಿದಾಗ ತಡೆಯಲಾರದೆ ಬಾಗಿಲು ಬಡಿದಳು. ಇರಮ್ ಹೊರಗೆ ಬಂದಾಗ ಹಲ್ಲಿಗೆ ಹಲ್ಲು ತಾಗುತ್ತಿತ್ತು. ಯಾರೂ ಹೇಳಿಕೊಡದೆಯೇ ಎರಡೂ ಕೈ ಕಂಕುಳು ಸೇರಿದ್ದವು.

ಅವಳು ಒಂದರ ಹಿಂದೊಂದು ಎರಡು ಚಹಾ ಕುಡಿದಳು. ಆಮೇಲೆ ಯೋಗೇಶ ಲುಂಗಿಯನ್ನು ಎರಡೂ ಕೈಯಲ್ಲಿ, ಗಾಜಿನ ಸಾಮಾನಿನ ಹಾಗೆ ತಂದು ರಸ್ತೆ ಬದಿಯಲ್ಲಿ ಇಟ್ಟ. ಲುಂಗಿ ನಿಂತಿತು. ಸೊಂಟದ ಮೇಲೆ ಮನುಷ್ಯ ಇಲ್ಲದಿದ್ದರೂ ಯಾರನ್ನೋ ಕಾಯುವವರ ಹಾಗೆ, ತುಸು ಕಾಲಗಲಿಸಿ ನಿಂತಿತು. ಅಷ್ಟರಲ್ಲಿ ಕಳಸದ ಬಸ್ಸು ಬಂತು. ಅದನ್ನು ರಿವರ್ಸ್ ತೆಗೆಸುತ್ತಾ ಹಿಂದೆ ಹಿಂದೆ ನಡೆದು ಬರುತ್ತಿದ್ದ ಕಂಡಕ್ಟರ್ ಕಣ್ಣಂಚಿನಲ್ಲೇ ಲುಂಗಿಯನ್ನು ಕಂಡು, "ಸ್ವಲ್ಪ ಸೈಡಿಗ್ ಬನ್ನಿ ಸಾರ್," ಅಂದ.

ಚನ್ನಕೇಶವ ಅವರು ಖಾಕಿ ಚಡ್ಡಿಯಲ್ಲೇ ಅಟೆನ್ಷನ್ನಿಗೆ ನಿಂತರು. ಜೀವಮಾನದಲ್ಲಿ ಅವರು ಎದುರು ನಿಂತು ನೋಡಿದ ಮೊದಲ ನಿಜ ಅದು.

"ತಾಹಿರಮ್ಮ, ಪೋಸ್ಟ್‌ಮ್ಯಾನೂ ನಿಜಾನಾ?"

"ನಿಜ ಅಣ್ಣ."

"ಕೆರೇನೂ?"

"ಕೆರೇನೂ."

"ದೇವರೇ," ಅಂದರು ಚನ್ನಕೇಶವ ಅವರು. "ನಾನು ಹುಟ್ಟಬೇಕಾದ ಊರು."

ಇರಮ್ ಲುಂಗಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. ತಗಡಿನ ಸದ್ದು ಬಂತು. "ಅಲ್ಲಿ ಚಳಿ ಅಂದ್ರೆ ಇಷ್ಟಾ ಫುಪ್ಪು?"

ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಇಷ್ಟು ದೂರ ಬಂದ ಮೇಲೆ ಹೂಂ ಅನ್ನಲು ಬಾಯಿ ಬರಲಿಲ್ಲ.

"ಇಲ್ಲ ಕಣೇ. ಇದು ಚಳಿ ಬಿಡ್ತಾ ಇರೋ ಲೆಕ್ಕ. ಮಾರ್ಚಲ್ಲಿ ಒಂದೊಂದು ದಿನ ಹಿಂಗಿರುತ್ತೆ. ಜನ ಕೋಟಿನ ಗುಂಡಿ ಬಿಚ್ಕೊಂಡು ತಿರುಗ್ತಾರೆ."

ಇರಮ್ ತನ್ನ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ತಾಹಿರಾಗೆ ಒಳಕೋಣೆಯ ಮಂಚ ಕಣ್ಣಿಗೆ ಕಟ್ಟಿತು, ಹಾಸಿಗೆಯ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

"ಆ ಓಲ್ಗಾ ಅಜ್ಜಿಗೆ ಎಷ್ಟು ವಯಸ್ಸು?"

"ಎಂಬತ್ತು ದಾಟಿದೆ. ಬೆಳಿಗ್ಗೆ ಎದ್ದು ತನ್ನ ಬಾಗಿಲ ಹಿಮ ಸಲಿಕೇಲಿ ತೆಗೀತಾಳೆ. ಆಮೇಲೆ ನಮ್ಮ ಬಾಗಿಲಿಂದೂ ತೆಗೀತಾಳೆ, ಬೇಡ ಅಂದ್ರೆ ಬೈತಾಳೆ. ಮೇ ತಿಂಗಳು ಬಂದ ತಕ್ಷಣ ಕುರ್ಚಿ ಹೊರಗೆ ಹಾಕಿ, ಟೊಮೇಟೊ ಸಸಿ ಮುಂದೆ ಇಟ್ಕೊಂಡು ಕೂತ್ಬಿಡ್ತಾಳೆ, ರಾಣಿ ಕೂತಂಗೆ. ಆ ಊರವರು ಚಳೀನ ಬೈಯಲ್ಲ ಕಣೇ. ನಾವು ಮಳೆಗಾಲಕ್ಕೆ ಸೌದೆ ಕೂಡಿಡ್ತೀವಲ್ಲ, ಹಂಗೆ ರೆಡಿ ಆಗ್ತಾರೆ, ಅಷ್ಟೆ."

"ನಾನು ನೋಡ್ಕೊಳ್ಳೋದು ಇಂಥೋರನ್ನೇನಾ?"

"ಇಂಥೋರನ್ನೇ."

ಮೂಡಿಗೆರೆಯ ಹತ್ತು ಗಂಟೆ ಬಿಸಿಲಿಗೆ ಲುಂಗಿ ಮೊದಲು ಸೊಂಟ ಬಗ್ಗಿಸಿತು, ಆಮೇಲೆ ಮೊಣಕಾಲು ಮಡಚಿತು, ಕೊನೆಗೆ ಸುಸ್ತಾದವರ ಹಾಗೆ ರಸ್ತೆ ಬದಿಯಲ್ಲೇ ಕೂತಿತು. ಇರಮ್ ಅದನ್ನು ಎತ್ತಿ ಹಿಂಡಿದಳು.

"ಚನ್ನಕೇಶವಣ್ಣ, ಇದನ್ನ ನಂಗೆ ಕೊಡ್ತೀರಾ? ಅಲ್ಲಿ ನಿಲ್ಸಿ ಫೋಟೋ ಕಳಿಸ್ತೀನಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಕೊಡೆ ತೆಗೆದುಹಾಕಿದ್ರೆ ಪೆಟ್ಟಿಗೇಲಿ ಇನ್ನೇನು ಹಿಡಿಸುತ್ತೆ ಹೇಳಿ ಫುಪ್ಪು."

ತಾಹಿರಾ ಹೇಳಲು ಶುರು ಮಾಡಿದ್ದು ಕೊಟ್ಟಿಗೆಹಾರ ಬಂದರೂ ಮುಗಿದಿರಲಿಲ್ಲ.

ಆ ಸಂಜೆ ಚನ್ನಕೇಶವ ಅವರು ಹೋಟೆಲಿನ ನಡುಮಧ್ಯ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಕಂಡಕ್ಟರ್ ಮಾತಾಡಿಸುವವರೆಗೆ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ. ಒಂದು ಗ್ಲಾಸೂ ಬೋರಲಾಗಲಿಲ್ಲ. ಅಭ್ಯಾಸ ಇಲ್ಲದ ಆ ಮೌನ ಅವರಿಗೆ ತಡೆಯಲಾಗಲಿಲ್ಲವೇನೋ, ಸುತ್ತ ನೋಡಿ ಕೆಮ್ಮಿದರು.

"ಲುಂಗಿ ಬಸ್ ಹತ್ತಿ ಕೂತ್ಕೊಂಡ್ಬಿಡ್ತು ಮಾರಾಯ್ರೆ. ಮೇಲರ್ಧ ಇಲ್ಲ ಅಂತ ಕಂಡಕ್ಟರ್ ಹಾಫ್ ಟಿಕೆಟ್ ಕೊಟ್ಟ."

ಎಲ್ಲರಿಗಿಂತ ಮೊದಲು ಟಕ್ ಅಂತ ಬೋರಲಾದ ಗ್ಲಾಸು ತಾಹಿರಾಳದು.