ಟಗರಿನ ಪಿತ್ತ

"ಆಯೀ, ಸತ್ತಾವ! ಎಲ್ಲಾ ನೀಲಿ ಆಗ್ಯಾವ, ನೋಡ ಬಾ!"

ಮೊಮ್ಮಗಳು ಸ್ನೇಹಲಳ ಕೂಗಿಗೆ ಸೋಮವ್ವ ಸ್ಟೂಲಿನಿಂದ ದಡಬಡಿಸಿ ಎದ್ದಳು. ಒಣಗಿಸಿದ ಟಗರಿನ ಪಿತ್ತ ಇನ್ನೂ ಎರಡು ಬಾಟಲಿ ಬೇಕೆಂದು ಸ್ನೇಹಲ ಫೋನು ಮಾಡಿದ್ದಕ್ಕೆ, ಮುಂಜಾನೆಯ ಎಸ್‌ಟಿ ಬಸ್ಸಿಗೆ ಕರಜಗಿಯಿಂದ ಸೊಲ್ಲಾಪುರದ ಈ ಲ್ಯಾಬಿಗೆ ಬಂದಿದ್ದಳು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದರೆ, ಹೊಲದ ತುಂಬ ಅಗಸೆ ಹೂವು ಉದುರಿದ ಹಾಗೆ ನೀಲಿ ಚುಕ್ಕೆಗಳು.

"ಇವು ಕ್ಯಾನ್ಸರಿನ ಜೀವ ಏನ?"

"ಹೂಂ. ಸತ್ತದ್ದು ನೀಲಿ ಬಣ್ಣ ಕುಡೀತದ, ಜೀವ ಇದ್ದದ್ದು ಬೆಳ್ಳಗ ಉಳೀತದ. ನಿನ್ನ ಔಷಧ ಹಾಕಿ ಬರೇ ಎರಡ ದಿನಾ ಆಗ್ಯಾವ!"

ಸೋಮವ್ವ ಮತ್ತೊಮ್ಮೆ ಬಾಗಿ ನೋಡಿದಳು. ಅತ್ತೆಯ ಕೈಯಿಂದ ಬಂದ ಮದ್ದು ಅದು. ಮೈಮೇಲೆ ಗಂಟು ಎದ್ದವರಿಗೆ ಅದನ್ನು ತೇದು ಹಚ್ಚುತ್ತ ನಲವತ್ತು ವರ್ಷ ಕಳೆದಿದ್ದಳು. ಈಚೆಗೆ ಸೊಸೆಯಂದಿರೇ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮದ್ದು ಖರೆಯೋ ಸುಳ್ಳೋ, ಕಣ್ಣು ಮುಚ್ಚುವುದರೊಳಗೆ ಒಮ್ಮೆ ತಿಳಿಯಬೇಕೆಂಬುದೇ ಅವಳ ಹಂಬಲ.

ಲ್ಯಾಬಿನ ಹಿರಿಯ ಅವಿನಾಶ ಸರ ಗದ್ದಲ ಕೇಳಿ ಬಂದರು. ತಾವೂ ನೋಡಿ ಹುಬ್ಬು ಏರಿಸಿದರು.

"ಭಾರೀ ಆಗ್ಯಾದ, ಆಜಿ! ಸಂಜೀಕ ಪುಣೆದ ದೊಡ್ಡ ಲ್ಯಾಬಿಗೆ ರಿಪೋರ್ಟ್ ಕಳಸ್ತೀವಿ. ಖರೆ, ಇದು ಪ್ಲೇಟಿನಾಗಿನ ಮಾತ. ಮನಷ್ಯಾನ ತನಕ ಮುಟ್ಟೂದು ಇನ್ನಾ ಭಾಳ ದೂರ ಅದ."

"ದೂರ ಇದ್ರ ಇರಲಿ ಬಿಡ್ರಿ, ಸಾಹೇಬ್ರ. ಕುರಿ ಹಿಂದ ಮಂಗಳವೇಢಾ ತನಕಾ ನಡದಾಕಿ ನಾ."

ಅದೇ ಉಮೇದಿನಲ್ಲಿ ಚೀಲದಿಂದ ಒಂದು ಬಾಟಲಿ ತೆಗೆದು ಮುಚ್ಚಳ ಬಿಚ್ಚಿದಳು. ಸೊಂಟದ ಸಂಚಿಯಿಂದ ಒಂದು ಚಿಟಿಕೆ ಭಂಡಾರ, ದೇವರ ಅರಿಶಿನ, ತೆಗೆದು "ಬೀರೋಬಾ, ನಿಂದ ಅದ" ಎಂದು ಒಳಗೆ ಉದುರಿಸಿ ಮೊಮ್ಮಗಳ ಕಡೆ ಚಾಚಿದಳು.

ಸ್ನೇಹಲಳ ಕೈ ಗಾಳಿಯಲ್ಲೇ ನಿಂತಿತು.

"ಆಯಿ... ಮದ್ಲಿನ ಬಾಟ್ಲ್ಯಾಗೂ ಹಾಕಿದ್ದಿ?"

"ಹಾಕದ ಹ್ಯಾಂಗ ಕೊಡೂದು? ಟಗರಿಂದು ಏನ ಕೊಟ್ರೂ ಭಂಡಾರ ಬೀಳಬೇಕು."

"ಏನೂ ಬೆರಸಬ್ಯಾಡ ಅಂತ ಹತ್ತ ಸಲ ಹೇಳಿದ್ನೆಲ್ಲ!"

"ಎಲ್ಲಿ ಬೆರಸೀನಿ? ಭಂಡಾರ ಹಾಕೂದಕ್ಕ ಬೆರಸೂದು ಅಂತಾರೇನ ಯಾರರ?"

ಪಿತ್ತವೂ ಹಳದಿ, ಭಂಡಾರವೂ ಹಳದಿ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪ್ಲೇಟಿನೊಳಗೆ ಅರಿಶಿನವೊಂದೇ ಇಂಥ ಜೀವಕೋಶಗಳನ್ನು ಕೊಲ್ಲಬಲ್ಲದು, ಅದೇನು ಹೊಸ ಸಂಗತಿಯಲ್ಲ ಎಂದು ಅವಿನಾಶ ಸರ ಮೆಲ್ಲಗೆ ಹೇಳಿದರು. ಹಾಗಾದರೆ ಕೊಂದದ್ದು ಪಿತ್ತವೋ, ಭಂಡಾರವೋ?

ಸ್ನೇಹಲ ತಲೆ ಹಿಡಿದು ಕುಳಿತವಳು ತಟ್ಟನೆ ಎದ್ದಳು. "ಸರ, ಮೂರು ಪ್ಲೇಟ್ ಇಡೂಣು! ಒಂದರಾಗ ಬರೇ ಪಿತ್ತ, ಒಂದರಾಗ ಬರೇ ಭಂಡಾರ, ಒಂದರಾಗ ಎರಡೂ. ರಿಪೋರ್ಟ್ ತಡಾ ಆದ್ರ ಆಗಲಿ. ಆಯಿ, ಇನ್ನೊಂದು ಬಾಟ್ಲಿ ಭಂಡಾರ ಇಲ್ದ ಕೊಡು."

ಸೋಮವ್ವ ಉಳಿದ ಬಾಟಲಿಯನ್ನು ಎದೆಗೆ ಅವಚಿಕೊಂಡಳು. ಹಾಗೆ ಕೊಟ್ಟರೆ ದೇವರಿಗೆ ತಪ್ಪಿದಂತೆ. ಕೊಡದಿದ್ದರೆ ಅತ್ತೆಯ ಮದ್ದಿನ ಮಾತು ಎಂದೆಂದಿಗೂ ಇತ್ಯರ್ಥವಾಗುವುದಿಲ್ಲ. ಎರಡು ಸಲ ಬೆರಳು ಸಂಚಿಗೆ ಹೋಗಿ ಹಿಂದೆ ಬಂದವು. ಕಡೆಗೆ ಬಾಟಲಿಯನ್ನು ಮೇಜಿನ ಮೇಲಿಟ್ಟು ಗೋಡೆಯ ಕಡೆ ಮುಖ ತಿರುವಿ ನಿಂತಳು.

"ನಾ ಕೊಟ್ಟಿಲ್ಲ. ನೀನ ತಗೊಂಡಿ. ನೆಪ್ಪಿರಲಿ."

ಸ್ನೇಹಲ ಕಿಸಕ್ಕನೆ ನಕ್ಕಳು. ಸರ ಕೂಡ.

ಸೋಮವ್ವ ಊರಿಗೆ ಹೋಗಲಿಲ್ಲ. ಮೊಮ್ಮಗಳ ಖೋಲಿಯಲ್ಲೇ ಉಳಿದಳು. ತುತ್ತು ಬಾಯಿಗಿಟ್ಟರೂ ಲಕ್ಷ್ಯವೆಲ್ಲ ಪ್ಲೇಟಿನ ಮೇಲೆ. ಮೂರನೆಯ ದಿನ ಲ್ಯಾಬಿನ ಕೀಲಿ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಸ್ನೇಹಲ ಬರೇ ಪಿತ್ತ ಹಾಕಿದ ಪ್ಲೇಟು ತಂದು, ನೀಲಿ ಬಣ್ಣ ಹಾಕಿ, ತಾನು ನೋಡದೆ ಪಕ್ಕಕ್ಕೆ ಸರಿದಳು.

"ಮದ್ಲ ನೀನ ನೋಡು."

ಸೋಮವ್ವ ಬಾಗಿದಳು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು.

"ಲಗೂ ಹೇಳ ಆಯಿ, ಜೀವ ಹೋಗಾಕತ್ತದ ನಂದು!"

"ಬೆಳ್ಳಗಿನವು ಭಾಳ ಅದಾವ. ನಡಬರಕ ನೀಲಿನೂ ಅದಾವ... ತಡಿ, ಗದ್ಲಾ ಮಾಡಬ್ಯಾಡ. ಲೆಕ್ಕ ತಪ್ಪತದ."

ಕಣ್ಣು ಕೀಳದೆ ಬಲಗೈಯ ಎರಡು ಬೆರಳು ಚಾಚಿ, ಸಂಜೆ ಹಟ್ಟಿಯೊಳಗೆ ನುಗ್ಗುವ ಕುರಿಗಳನ್ನು ಎಣಿಸುವ ಹಾಗೆ, ಅವಳು ಜೋಡಿ ಜೋಡಿಯಾಗಿ ಎಣಿಸತೊಡಗಿದಳು.