ಮೂರು ನಿಮಿಷಕ್ಕೆ ಮೊದಲು

ಚಂದ್ರಮತಿ ಏಳನೆಯ ಹೆಸರು ಹೇಳುವಾಗ ಲ್ಯಾಪ್‌ಟಾಪಿನ ಮೂಲೆಯಲ್ಲಿ ಓಡುತ್ತಿದ್ದ ಗಡಿಯಾರ ಒಂದು ನಿಮಿಷಕ್ಕಿಂತ ಕೆಳಗಿಳಿದಿತ್ತು. ಪಕ್ಕದಲ್ಲಿ ಕೂತ ನವ್ಯಶ್ರೀಗೆ ಜೀವ ಬಾಯಿಗೆ ಬಂದಿತ್ತು. ಮಾತನ್ನು ಇಂಗ್ಲಿಷಿಗೆ ತಿರುಗಿಸುವುದು ಅವಳ ಕೆಲಸ. ಸತ್ತವರ ಹೆಸರನ್ನು ಯಾವ ಭಾಷೆಗೆ ತಿರುಗಿಸುವುದು? "ಐತ, ಕಿಟ್ಟ, ತುಕ್ರು" ಎಂದು ಹಾಗೆಯೇ ಹೇಳುತ್ತಾ ಹೋದಳು.

ಜಿನೀವಾದಲ್ಲಿ ಆಗ ಬೆಳಿಗ್ಗೆ, ಕುಂದಾಪುರದಲ್ಲಿ ಊಟದ ಹೊತ್ತು. ಆದಿವಾಸಿಗಳ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಐವರು ತಜ್ಞರ ಸಮಿತಿಯೊಂದು ಕಾಡು ನಂಬಿ ಬದುಕುವವರ ಮಾತು ಕೇಳುತ್ತಿತ್ತು. ಕೊರಗರ ಸಂಘದ ಈ ಪುಟ್ಟ ಕಚೇರಿಗೆ ಸಿಕ್ಕಿದ್ದು ಬರೀ ಮೂರು ನಿಮಿಷ. ನವ್ಯಶ್ರೀ ಹದಿನೈದು ದಿನ ಕೂತು, ಎಂಟು ಸಲ ತಿದ್ದಿ, ಕೈಗಡಿಯಾರ ಹಿಡಿದು ಓದಿಸಿ ಹೇಳಿಕೆ ತಯಾರು ಮಾಡಿದ್ದಳು. ಕೆರಾಡಿಯಿಂದ ಬಂದ ದೊಡ್ಡಮ್ಮ ಚಂದ್ರಮತಿ ಆ ಹಾಳೆಯನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಹೆಸರು ಹೇಳುತ್ತಿದ್ದಳು.

ದೊಡ್ಡಮ್ಮನ ತಪ್ಪೆನ್ನಲು ಬಾಯಿ ಬಾರದು. ಬುಟ್ಟಿ ಹೆಣೆಯುವ ಕಾಡುಬಳ್ಳಿಗೆ ಕೊರಗರು ಬೀಳು ಎನ್ನುತ್ತಾರೆ. ಅದಕ್ಕೆ ಕತ್ತಿ ತಾಗಿಸುವ ಮೊದಲು, ಹಿಂದೆ ಅದೇ ಕಾಡಿನಲ್ಲಿ ಕೊಯ್ದವರನ್ನೆಲ್ಲ ಹೆಸರು ಹೇಳಿ ನೆನೆಯಬೇಕು. ಬೀಳಿನ ಸುದ್ದಿ ಎತ್ತುವುದಕ್ಕೂ ಅದೇ ಪದ್ಧತಿ. ಎಂ.ಎಸ್.ಡಬ್ಲ್ಯು. ಮಾಡಿದ ನವ್ಯಶ್ರೀಗೆ ಅದೊಂದು ಬಿಟ್ಟು ಉಳಿದದ್ದೆಲ್ಲ ನೆನಪಿತ್ತು.

ಗಡಿಯಾರ ಸೊನ್ನೆಗೆ ಬಂದು ಮೈಕ್ ಬಂದಾಯಿತು. ಚಂದ್ರಮತಿ ಹನ್ನೊಂದನೆಯ ಹೆಸರಿನಲ್ಲಿದ್ದಳು. ಎಂತ ಆಯ್ತು ಎಂದು ಕೇಳಿದವಳಿಗೆ ನವ್ಯಶ್ರೀ ಹೊತ್ತು ಮುಗಿಯಿತು ಎಂದಳು. ದೊಡ್ಡಮ್ಮನ ಮುಖ ಸಣ್ಣದಾಯಿತು. ನಾಲ್ಕು ತಿಂಗಳ ಹಿಂದೆ ಅರಣ್ಯ ಇಲಾಖೆಯ ಗಾರ್ಡು ಬೀಳಿನ ಹೊರೆ ಕಿತ್ತುಕೊಂಡು, ಇನ್ನೊಮ್ಮೆ ಕಂಡರೆ ಕೇಸು ಎಂದಿದ್ದ. ಅವತ್ತಿನಿಂದ ಕೇರಿಯ ಹದಿನಾಲ್ಕು ಮನೆಗಳಲ್ಲಿ ಒಂದು ಬುಟ್ಟಿಯೂ ಹುಟ್ಟಿರಲಿಲ್ಲ. ಕದ್ದು ಕೊಯ್ಯುವ ಧೈರ್ಯವೂ ಉಳಿದಿರಲಿಲ್ಲ. ಅದನ್ನು ಹೇಳಲೆಂದೇ ಬಂದವಳು ಹೇಳದೇ ಕೂತಿದ್ದಳು. ನವ್ಯಶ್ರೀಗೆ ಅಳು ಬಂತು, ಸಿಟ್ಟೂ ಬಂತು.

ಅಷ್ಟರಲ್ಲಿ ಪರದೆಯ ಮೇಲೆ ಸಮಿತಿಯ ಅಧ್ಯಕ್ಷೆ ಕೈಯೆತ್ತಿದಳು. ಹಿಮದ ನಾಡಿನ ಬುಡಕಟ್ಟಿನಿಂದ ಬಂದ ನರೆಗೂದಲಿನ ಹೆಂಗಸು. ಮುಂದಿನವರನ್ನು ಕರೆಯದೆ ನಿಧಾನವಾಗಿ ನಾಲ್ಕು ಮಾತಾಡಿದಳು. ಕೇಳುತ್ತಾ ಕೇಳುತ್ತಾ ನವ್ಯಶ್ರೀ ದೊಡ್ಡಮ್ಮನ ಕಡೆ ತಿರುಗಿದಳು.

"ದೊಡ್ಡಮ್ಮ, ಅವ್ರ ಊರಗೂ ಮೊದ್ಲ್ ಹಿರಿಯರ ಹೆಸ್ರ್ ಹೇಳುದಂಬ್ರ್. ಅದ್ ಮೂರ್ ನಿಮಿಷದ ಲೆಕ್ಕಕ್ಕೆ ಬತ್ತಿಲ್ಲೆ ಅಂದ್ರ್. ಉಳ್ದ ಹೆಸ್ರ್ ಹೇಳಿ ಮುಗ್ಸಿ, ಮತ್ತೆ ಶುರು ಮಾಡುಕ್ ಹೇಳ್ರ್."

ಚಂದ್ರಮತಿ ಉಳಿದ ಐದು ಹೆಸರನ್ನೂ ಬಿಡಲಿಲ್ಲ. ಆಮೇಲೆ ಹಾಳೆ ಬಿಚ್ಚದೆಯೇ ಮಾತಾಡಿದಳು.

"ಮೂರ್ ಬೀಳ್ ಕಂಡ್ರೆ ಎರ್ಡ್ ಕೊಯ್ಯುದ್, ಒಂದ್ ಮರಕ್ಕೇ ಬಿಡುದ್. ಬೇರ್ ಮುಟ್ಟುಕಿಲ್ಲೆ. ನಮ್ಮಜ್ಜ ಕೊಯ್ದ ಮರದಗೇ ನಾನೂ ಕೊಯ್ಯುದ್. ಕಾಡ್ ನಾವ್ ಹಾಳ್ ಮಾಡಿದ್ರೆ, ಇಷ್ಟ್ ವರ್ಷ ಬೀಳ್ ಎಲ್ಲಿಂದ ಬಂತ್?"

ನವ್ಯಶ್ರೀ ತಿರುಗಿಸಿ ಹೇಳಿದಳು. ಎಂಟು ಸಲ ತಿದ್ದಿದ ಹಾಳೆಯಲ್ಲಿ ಇಷ್ಟು ಗಟ್ಟಿಯಾದ ಒಂದು ಸಾಲೂ ಇರಲಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಯಿತು. ಪರದೆಯ ಆಚೆ ಐದೂ ಜನ ತಜ್ಞರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಒಬ್ಬ, ಬೇರು ಉಳಿಸಿ ಕೊಯ್ದ ಬಳ್ಳಿ ಎಷ್ಟು ವರ್ಷಕ್ಕೆ ಮತ್ತೆ ಕೊಯ್ಲಿಗೆ ಬರುತ್ತದೆ ಎಂದು ಕೇಳಿದ. ಚಂದ್ರಮತಿಯ ಹತ್ತಿರ ಇಡೀ ಜನ್ಮದಲ್ಲಿ ಯಾವ ಅಧಿಕಾರಿಯೂ ಕಾಡಿನ ಬಗ್ಗೆ ಸಂಶಯ ಕೇಳಿದ್ದಿಲ್ಲ. ಮೇಷ್ಟ್ರ ಗತ್ತಿನಲ್ಲಿ ಉತ್ತರ ಕೊಟ್ಟಳು.

ಐದು ತಿಂಗಳಿಗೆ ವರದಿ ಬಂತು. ಅದರಲ್ಲಿ ಕೆರಾಡಿಯ ಬೀಳಿನ ಬಗ್ಗೆ ನಾಲ್ಕು ಸಾಲು. ಜಿನೀವಾದ ನಾಲ್ಕು ಸಾಲಿಗೆ ಇಲ್ಲಿನ ಕಾಡು ತೆರೆಸುವ ಅಧಿಕಾರವೇನೂ ಇಲ್ಲ. ಕಾಡು ನಂಬಿದವರಿಗೆ ಅದನ್ನು ತೆರೆಯುವ ಕಾನೂನು ಈ ದೇಶದಲ್ಲಿ ಮೊದಲೇ ಇತ್ತು, ಕಪಾಟಿನಲ್ಲಿ ಹಾಯಾಗಿ ಮಲಗಿತ್ತು. ನವ್ಯಶ್ರೀ ಆ ಸಾಲುಗಳನ್ನು ಕನ್ನಡಕ್ಕೆ ತಂದು ಗ್ರಾಮಸಭೆಯಲ್ಲಿ ಓದಿದಳು, ಬೀಳು ಕೊಯ್ಯುವ ಹಕ್ಕಿನ ಅರ್ಜಿಗೆ ಲಗತ್ತಿಸಿದಳು. ಮೇಲಿನ ಕಚೇರಿಯ ಅಧಿಕಾರಿ ಎರಡು ಸಲ ಓದಿ, ಕಾನೂನಿನ ಪುಸ್ತಕ ತರಿಸಿದರು. ಯಾರೋ ದೂರದವರು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡಿದ್ದಾರೆಂದ ಮೇಲೆ ಹತ್ತಿರದವರಿಗೂ ಕಿವಿ ಬಂತು. ಆ ಐವರ ಮೇಲೆ ನವ್ಯಶ್ರೀಗೆ ಹುಟ್ಟಿದ ಗೌರವ ಇಂದಿಗೂ ತಗ್ಗಿಲ್ಲ.

ಹಕ್ಕುಪತ್ರ ಬಂದ ಮಾರನೆಯ ಬೆಳಿಗ್ಗೆ ಆರು ಹೆಂಗಸರು ಕಾಡಿಗೆ ಹೊರಟರು. ತನಿಖಾ ಗೇಟಿನಲ್ಲಿ ಅದೇ ಗಾರ್ಡು. ಪತ್ರ ತೋರಿಸಲು ನವ್ಯಶ್ರೀ ಚೀಲಕ್ಕೆ ಕೈಹಾಕಿದಳು. ಅವನು ಬೇಡವೆಂದು ತಲೆಯಾಡಿಸಿ ಹಗ್ಗ ಜಗ್ಗಿದ. ಅಡ್ಡಕಂಬ ಮೇಲೇರಿತು.

"ಎಷ್ಟ್ ಹೊತ್ತಿಗೆ ತಿರ್ಗಿ ಬತ್ರಿ?" ಎಂದು ಕೇಳಿದ.

"ಹೊತ್ ಕಂತು ಮೊದ್ಲ್" ಎಂದಳು ಚಂದ್ರಮತಿ.

ಮೂವತ್ತು ವರ್ಷ ಪೊದೆಯೊಳಗೆ ನುಸುಳಿ ಹೋದವಳು ಸೆರಗಿನಡಿಯ ಕತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದು, ನಡುರಸ್ತೆಯಲ್ಲೇ ನಡೆದಳು. ತಿರುವಿನಲ್ಲಿ ನವ್ಯಶ್ರೀ ಹಿಂತಿರುಗಿ ನೋಡಿದಳು. ಗಾರ್ಡು ಕಂಬವನ್ನು ಇಳಿಸಿರಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ ಗಂಟು ಹಾಕುತ್ತಿದ್ದ.