ದೊಡ್ಡಕ್ಕನ ದನಿ

ನಮ್ಮ ಕನ್ನಡಕದ ಅಂಗಡಿಗೆ ಎರಡು ಅಂತಸ್ತು. ಮೇಲೆ ಗಿರಾಕಿಗಳು, ಕನ್ನಡಿಗಳು, ತಂಪು ಗಾಳಿ, ನಗುಮುಖ. ಕೆಳಗೆ ಲೆನ್ಸ್ ಉಜ್ಜುವ ಯಂತ್ರಗಳು, ಬಿಳಿ ಕೆಸರು, ಗಡಗಡ ಸದ್ದು. ಹೊಳಪು ಕೊಡುವುದು ಎರಡೂ ಕಡೆಯ ಕೆಲಸವೇ. ಕೆಳಗಿನವರು ಗಾಜಿಗೆ ಕೊಡುತ್ತಾರೆ, ಮೇಲಿನವರು ಮಾತಿಗೆ. ನಾನು ಮೇಲಿನವಳು. ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಕೂತು ‘ಈಗ ಚೆನ್ನಾಗಿ ಕಾಣುತ್ತಾ, ಮೊದಲು ಚೆನ್ನಾಗಿತ್ತಾ’ ಎಂದು ದಿನಕ್ಕೆ ನಲವತ್ತು ಸಲ ಕೇಳುವವಳು. ಬೇರೆಯವರು ದೃಷ್ಟಿ ತೆಗೆಯುತ್ತಾರೆ, ನಾವು ದೃಷ್ಟಿ ಕೊಡುತ್ತೇವೆ ಎಂಬ ನನ್ನ ಹಳೇ ಜೋಕಿಗೆ ಮಾಲೀಕರು ಈಗಲೂ ನಗುತ್ತಾರೆ, ಪಾಪ.

ಅಂಗಡಿಯಲ್ಲಿ ನನ್ನ ಅಡ್ಡಹೆಸರು ರೇಡಿಯೊ. ಯಾರ ದನಿಯನ್ನಾದರೂ ತೆಗೆಯುತ್ತೇನೆ. ಮಾಲೀಕರ ಮೂಗಿನ ಮಾತು, ಬಿಲ್ಲಿಂಗ್ ಮೇಡಂ ಆಕಳಿಸುತ್ತಲೇ ಗಿರಾಕಿಗೆ ಥ್ಯಾಂಕ್ಯೂ ಹೇಳುವುದು, ಫ್ರೇಮ್ ಬಿಗಿ ಮಾಡಿ ಮಾಡಿ ಸ್ಕ್ರೂ ಎಂದೇ ಹೆಸರು ಬಿದ್ದ ನಮ್ಮ ಹುಡುಗ ಫೋನಿನಲ್ಲಿ ಹೆಂಡತಿಗೆ ಮಾತ್ರ ಸಡಿಲವಾಗುವುದು, ಎಲ್ಲ ಬರುತ್ತದೆ. ಅವರೇ ‘ಮಾಡೇ, ಮಾಡೇ’ ಎಂದು ಮಾಡಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. ಯಾರ ಮುಂದೆಯೂ ಮಾಡದೆ ಉಳಿಸಿಕೊಂಡದ್ದು ಒಂದೇ ದನಿ, ದೊಡ್ಡಕ್ಕನದು.

ದೊಡ್ಡಕ್ಕ ಕೆಳಗಿನ ವಿಭಾಗದ ಮುಖ್ಯಸ್ಥೆ. ಯಾರ ಅಕ್ಕನೂ ಅಲ್ಲ, ಎಲ್ಲರಿಗೂ ದೊಡ್ಡಕ್ಕ. ಲೆನ್ಸನ್ನು ಫ್ರೇಮಿನಲ್ಲಿ ಯಾವ ಕೋನಕ್ಕೆ ಕೂರಿಸಬೇಕೆಂದು ಯಂತ್ರದಲ್ಲಿ ನೋಡಿ ಮೂರು ಚುಕ್ಕೆ ಇಡುವುದು ಅವರ ಕೆಲಸ. ಆ ಚುಕ್ಕೆ ಕೂದಲೆಳೆಯಷ್ಟು ಜರುಗಿದರೆ ಕನ್ನಡಕ ಹಾಕಿದವರಿಗೆ ನೆಲವೇ ಓರೆ. ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿ ಅವರದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಎಡಗಣ್ಣಿನ ಪವರನ್ನು ಬಲಗಣ್ಣಿಗೆ ಬರೆದು ಕಳಿಸಿದ್ದೆ. ಅವರು ಮೆಟ್ಟಿಲು ಹತ್ತಿ ಬಂದು, ಚೀಟಿಯನ್ನು ನನ್ನ ಕೈಗೆ ಮಡಚಿ ಕೊಟ್ಟು, ‘ಇನ್ನೊಂದ್ಸಲ ನೋಡಮ್ಮ’ ಎಂದಷ್ಟೇ ಹೇಳಿ ಇಳಿದು ಹೋದರು. ಮಾಲೀಕರಿಗೆ ಇಂದಿಗೂ ಅದು ಗೊತ್ತಿಲ್ಲ.

ಅಂಥವರ ದನಿಯನ್ನು ಅಣಕಿಸಲು ಅಳುಕಿತ್ತು. ಆದರೆ ಎಂಥ ದನಿ! ಒಡೆದ ಗಂಟಲು, ಅಪ್ಪಣೆಗೆ ಮುಂಚೆ ಒಂದು ಸಣ್ಣ ‘ಹ್ಞಾಂ’, ಆಮೇಲೆ ‘ಮಕ್ಳಾ’ ಅಂತ ಎಳೆತ. ಮನೆಯಲ್ಲಿ ಬಟ್ಟೆ ಒಗೆಯುತ್ತಾ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ. ನನ್ನ ಗಂಟಲಿನಲ್ಲಿ ಅದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ನಾವೆಲ್ಲ ಫೋನಿನಲ್ಲಿ ಒಂದು ಆಟ ಆಡುತ್ತಿದ್ದೆವು. ಮೇಲಿನ ನಾಲ್ವರು ಒಂದು ತಂಡ, ಕೆಳಗಿನ ನಾಲ್ವರು ಇನ್ನೊಂದು. ಒಂದು ಕೋಟೆ, ಅದರ ನಡುವೆ ಒಂದು ಗೋಪುರ. ಕೊನೆಯ ಗಂಟೆ ಹೊಡೆಯುವಾಗ ಗೋಪುರದ ಮೇಲೆ ಯಾರಿರುತ್ತಾರೋ ಅವರ ತಂಡ ಗೆದ್ದಂತೆ. ಮೈಕಿನಲ್ಲಿ ಆಡಿದ ಮಾತು ಸ್ವಂತ ತಂಡಕ್ಕೆ ಎಲ್ಲಿದ್ದರೂ ಕೇಳುತ್ತದೆ. ಎದುರಾಳಿಗಳಿಗೆ, ಅವರು ಆಟದೊಳಗೆ ನಮ್ಮ ಹತ್ತಿರ ನಿಂತಿದ್ದರೆ ಮಾತ್ರ. ಕೆಳಗಿನ ತಂಡಕ್ಕೆ ದೊಡ್ಡಕ್ಕ ಕ್ಯಾಪ್ಟನ್, ಮೇಲಿನ ತಂಡಕ್ಕೆ ನಾನು.

ಜಗಳ ಬೇಡವೆಂದು ನಿಯಮಗಳನ್ನೂ ಮಾಡಿಕೊಂಡಿದ್ದೆವು. ಸೋತವರನ್ನು ಹಂಗಿಸಬಾರದು, ಸೋಲುತ್ತೇವೆಂದು ನಡುವೆ ಫೋನ್ ಆರಿಸಬಾರದು, ಮುಗಿದ ಮೇಲೆ ಎದುರಾಳಿಗೆ ‘ಒಳ್ಳೆ ಆಟ’ ಎನ್ನಬೇಕು. ಕಾಲೇಜು ಓದಿದವಳೆಂದು ಬರೆಯುವ ಕೆಲಸ ನನಗೇ ಬಿತ್ತು. ದುಂಡಗೆ ಬರೆದು ಕೈ ತೊಳೆಯುವ ಜಾಗದಲ್ಲಿ ಅಂಟಿಸಿದ್ದೆ.

ಮೂರು ತಿಂಗಳ ಪಂದ್ಯಗಳ ಕೊನೆಯ ಆಟ ಒಂದು ಶನಿವಾರ. ಹನ್ನೆರಡು ಸೆಕೆಂಡ್ ಬಾಕಿ. ಅವರ ಮೂವರು ಗೋಪುರದ ಮೇಲೆ ಬಂಡೆಯಂತೆ ಕೂತಿದ್ದಾರೆ. ದೊಡ್ಡಕ್ಕ ದೂರದಲ್ಲಿ ಕೋಟೆಯ ಹಿಂಬಾಗಿಲು ಕಾಯುತ್ತಿದ್ದಾರೆ. ನಾನು ಗೋಪುರದ ಬುಡದಲ್ಲಿ. ಕಣ್ಣು ಪರೀಕ್ಷೆಯ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಆಡುತ್ತಿದ್ದೆ. ಕೆಳಗಿನವರು ಯಂತ್ರದ ಗದ್ದಲಕ್ಕೆ ಕಿವಿಗೆ ಇಯರ್‌ಫೋನ್ ಹಾಕಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಆಡುವವರು. ಯೋಚಿಸಿದೆನೆಂದು ಹೇಳಿದರೆ ಸುಳ್ಳು, ಯೋಚಿಸಲಿಲ್ಲವೆಂದರೂ ಸುಳ್ಳು. ಗಂಟಲೇ ಮುಂದಾಯಿತು.

‘ಹ್ಞಾಂ, ಮಕ್ಳಾ! ಇಳೀರಿ, ಇಳೀರಿ! ಹಿಂದಿನ ಬಾಗ್ಲಿಗೆ ಬನ್ನಿ!’

ಮೂವರೂ ಧಡಧಡ ಹಾರಿದರು. ನಾನು ಹತ್ತಿದೆ. ಗಂಟೆ ಹೊಡೆಯಿತು.

ಹೊರಗೆ ಸ್ಕ್ರೂ ಕುರ್ಚಿಯ ಮೇಲೆ ನಿಂತು ಕುಣಿಯುತ್ತಿದ್ದ. ‘ದೊಡ್ಡಕ್ಕ ತಾವೇ ಇಳೀರಿ ಅಂದುಬಿಟ್ರು! ಕೇಳಿಸ್ತಾ ರೇಡಿಯೊ?’ ನನ್ನ ತಂಡದವರಿಗೂ ಗುರುತು ಸಿಕ್ಕಿರಲಿಲ್ಲ. ಕಲಾವಿದೆಗೆ ಇದಕ್ಕಿಂತ ಪ್ರಶಸ್ತಿ ಬೇಕೆ? ಕೆಳಗಿನವರು ಬರಲಿ, ಎಲ್ಲರೆದುರು ಇನ್ನೊಮ್ಮೆ ಆ ದನಿ ತೆಗೆದು ಬೆಚ್ಚಿ ಬೀಳಿಸುತ್ತೇನೆ, ಆಮೇಲೆ ಬೇಕಾದರೆ ಆಟ ಮತ್ತೆ ಆಡೋಣ ಎಂದುಕೊಂಡೆ.

ಅವರು ಬಂದರು, ನಾಲ್ವರೂ, ಏಪ್ರನ್ನಿನ ಮೇಲಿನ ಬಿಳಿ ಕೆಸರಿನ ಸಮೇತ. ಪಾಲಿಶ್ ಮಾಡುವ ಅಣ್ಣ ಮೆಟ್ಟಿಲಿನಿಂದಲೇ ಶುರು ಮಾಡಿದ್ದ.

‘ಅಲ್ಲ ದೊಡ್ಡಕ್ಕ, ಗೆದ್ದ ಆಟ! ಯಾಕೆ ಇಳೀರಿ ಅಂದ್ರಿ?’

‘ನಾನೆಲ್ಲಿ ಅಂದೆ?’

‘ಅಂದ್ರಿ. ಮೂರು ಜನಕ್ಕೂ ಕೇಳಿಸ್ತು.’

‘ನಾನೆಲ್ಲಿ ಅಂದೆನೋ...’ ಎನ್ನುತ್ತಿದ್ದವರು ಅಲ್ಲೇ ನಿಂತುಬಿಟ್ಟರು.

ಅವರು ಯಾಕೆ ನಿಂತರೆಂದು ಅಂಗಡಿಯ ಎಲ್ಲರಿಗೂ ಗೊತ್ತಿತ್ತು. ಅವರ ಅಮ್ಮನ ಮರೆವಿನ ಕಾಯಿಲೆ ಶುರುವಾದದ್ದು ಇದೇ ಮಾತಿನಿಂದ. ‘ನಾನೆಲ್ಲಿ ಹೇಳ್ದೆ, ನಾನೆಲ್ಲಿ ಅಂದೆ.’ ಆರು ವರ್ಷ ನೋಡಿಕೊಂಡರು. ಕೊನೆಯ ವರ್ಷ ಆಕೆ ಮಗಳನ್ನು ನರ್ಸ್ ಎಂದೇ ಕರೆಯುತ್ತಿದ್ದರಂತೆ.

‘ಮೂರು ಜನಕ್ಕೆ ಕೇಳಿಸಿದ್ರೆ ಅಂದಿರ್ತೀನಿ ಬಿಡು’ ಎಂದರು ದೊಡ್ಡಕ್ಕ. ‘ತಪ್ಪು ನಂದೇ.’ ಆಮೇಲೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನನ್ನತ್ತ ಚಾಚಿದರು. ‘ಒಳ್ಳೆ ಆಟ ರೇಡಿಯೊ.’

ಆ ಕ್ಷಣವೇ ಹೇಳಬೇಕಿತ್ತು. ಸುತ್ತ ಏಳು ಜನ, ಸ್ಕ್ರೂ ಇನ್ನೂ ಕುರ್ಚಿಯ ಮೇಲೆ. ‘ಒಳ್ಳೆ ಆಟ ದೊಡ್ಡಕ್ಕ’ ಎಂದೆ, ನಾನೇ ಬರೆದ ನಿಯಮದ ಪ್ರಕಾರ.

ಗೆದ್ದೆವು, ಆದರೆ ಆ ಗೆಲುವು ಗೆದ್ದಲು ಹಿಡಿದೇ ಹುಟ್ಟಿತ್ತು. ಸೋಮವಾರ ಕೆಳಗಿನಿಂದ ಬಂದ ಟ್ರೇಗಳ ಚೀಟಿಯಲ್ಲಿ ಎರಡೆರಡು ಸಹಿ. ದೊಡ್ಡಕ್ಕ ತಾವಿಟ್ಟ ಚುಕ್ಕೆಯನ್ನು ಪಾಲಿಶಣ್ಣನಿಂದ ಮತ್ತೆ ನೋಡಿಸುತ್ತಿದ್ದಾರೆಂದು ತಿಳಿಯಿತು. ಬುಧವಾರ ಅವರ ಜೇಬಿನಲ್ಲಿ ಪುಟ್ಟ ಪುಸ್ತಕ ಕಂಡಿತು. ಯಾರಿಗೆ ಏನು ಹೇಳಿದೆ ಎಂದು ಬರೆದುಕೊಳ್ಳುತ್ತಾರಂತೆ. ಆಟಕ್ಕೆ ಬರುವುದನ್ನು ಬಿಟ್ಟರು. ‘ಸೋತಿದ್ದಕ್ಕೆ ಮುನಿಸು’ ಎಂದು ಸ್ಕ್ರೂ ನಕ್ಕ. ನಾನೂ ನಕ್ಕೆ. ಅದೂ ಒಂದು ಮಿಮಿಕ್ರಿಯೇ. ನಗುವವಳ ದನಿ ತೆಗೆದೆ, ಅಷ್ಟೆ.

ದಿನವೂ ಇಳಿದು ಹೋಗಿ ಹೇಳುತ್ತೇನೆಂದು ಹೊರಡುತ್ತಿದ್ದೆ. ಮೆಟ್ಟಿಲ ತಿರುವಿನವರೆಗೆ ಹೋಗಿ ಯಾವುದೋ ಫ್ರೇಮ್ ನೆಪ ಮಾಡಿ ಮರಳುತ್ತಿದ್ದೆ. ಆ ಶನಿವಾರ ಬಿಲ್ಲಿಂಗ್ ಮೇಡಂ ಸುದ್ದಿ ತಂದರು. ‘ಗೊತ್ತಾಯ್ತೇನೇ? ದೊಡ್ಡಕ್ಕ ಮಾಲೀಕರ ಹತ್ರ ಹೋಗಿ, ನನ್ನನ್ನ ಲೆನ್ಸ್ ತೊಳೆಯೋ ಕಡೆ ಹಾಕಿ, ಚುಕ್ಕೆ ಇಡೋದು ಇನ್ನು ಬೇಡ ಅಂದ್ರಂತೆ. ಡಾಕ್ಟರ್ ಏನಂತಾರೋ ನೋಡಿ ಆಮೇಲೆ ಹೇಳ್ತೀನಿ ಅಂದಿದಾರೆ ಮಾಲೀಕರು.’ ಹೇಳುತ್ತಾ ಅವರು ಆಕಳಿಸಲಿಲ್ಲ.

ಮರು ಸೋಮವಾರ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ದೊಡ್ಡಕ್ಕ ನನ್ನ ಕೋಣೆಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತರು. ಕೈಯಲ್ಲೊಂದು ಕಾಗದ.

‘ಆಸ್ಪತ್ರೆಯಿಂದ ಫಾರಂ ಕೊಟ್ಟಿದಾರೆ ಕಣೇ. ನೀನು ಓದಿದೋಳು, ತುಂಬಿಕೊಡು. ಮನೇಲಿ ಮಗನ ಕೈಲಿ ಬರೆಸೋಣ ಅಂದ್ರೆ, ಅವನು ಹೆದರ್ತಾನೆ.’

ವಯಸ್ಸು ಬರೆದೆ. ವಿಳಾಸ ಬರೆದೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ? ತಾಯಿಗೆ. ಮುಂದಿನ ಸಾಲು: ಮೊದಲು ಗಮನಕ್ಕೆ ಬಂದದ್ದು ಯಾವಾಗ, ಹೇಗೆ?

‘ಬರಿ’ ಎಂದರು ದೊಡ್ಡಕ್ಕ. ‘ಹೋದ ವಾರದ ಹಿಂದಿನ ಶನಿವಾರ. ಫೋನಲ್ಲಿ ಆಟ ಆಡೋವಾಗ ಇಳೀರಿ ಅಂತ ಕೂಗಿದೀನಿ. ಕೂಗಿದ್ದು ನಂಗೆ ನೆನಪಿಲ್ಲ. ಮೂರು ಜನ ಸಾಕ್ಷಿ ಇದಾರೆ. ಸಾಕ್ಷಿ ಅಂತ ಬರೀಬೇಕಾ, ಬೇಡ್ವಾ?’

‘ಶನಿವಾರ’ ಎಂದು ಬರೆದು ಪೆನ್ನು ನಿಂತಿತು. ನನ್ನದೇ ದುಂಡು ಅಕ್ಷರ.

‘ದೊಡ್ಡಕ್ಕ, ಅದು ನೀವಲ್ಲ. ನಾನು.’

‘ಏನು ನೀನು?’

‘ಕೂಗಿದ್ದು. ನಿಮ್ಮ ದನಿ ಮಾಡಿದ್ದು ನಾನು. ಗೆಲ್ಲೋಕೆ.’

ಅವರು ಮುಗುಳ್ನಕ್ಕರು. ಆ ನಗು ನೋಡುವುದಕ್ಕಿಂತ ಹೊಡೆಸಿಕೊಳ್ಳುವುದು ಸುಲಭವಿತ್ತು. ‘ಒಳ್ಳೆ ಹುಡುಗಿ ಕಣೇ ನೀನು. ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡ. ಬರಿ.’

‘ನಿಜ ದೊಡ್ಡಕ್ಕ.’

‘ಎಲ್ಲರ ದನೀನೂ ಮಾಡ್ತೀಯ, ನನ್ನದು ಯಾವತ್ತೂ ಮಾಡಿಲ್ಲ. ನಂಗೊತ್ತಿಲ್ವಾ?’

‘ಮಾಡ್ತೀನಿ. ಬರುತ್ತೆ ನಂಗೆ.’

‘ಹಂಗಾದ್ರೆ ಮಾಡು.’

ಬಾಯಿ ತೆರೆದೆ. ಬಂದದ್ದು ನನ್ನದೇ ದನಿ, ಅದೂ ಅರ್ಧ. ಬೇಡವೆಂದಾಗ ತಾನಾಗಿ ಹಾರಿ ಬಂದ ‘ಹ್ಞಾಂ’ ಈಗ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ದೊಡ್ಡಕ್ಕ ಪೆನ್ನನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಅವರು ನಂಬಿದ್ದು ತಮ್ಮ ಕಾಯಿಲೆಯನ್ನು, ನನ್ನನ್ನಲ್ಲ.

ಮೇಜಿನ ಮೇಲೆ ಕೆಳಗಿನ ವಿಭಾಗಕ್ಕೆ ಮಾತಾಡುವ ಇಂಟರ್‌ಕಾಮ್ ಇತ್ತು. ಎತ್ತಿದೆ. ಅವರ ಮುಖ ನೋಡಿದರೆ ಆಗುವುದಿಲ್ಲವೆಂದು ಗೋಡೆಯ ಮೇಲಿನ ಅಕ್ಷರದ ಹಲಗೆಗೆ ತಿರುಗಿ ನಿಂತೆ.

‘ಹ್ಞಾಂ, ಮಕ್ಳಾ! ಯಂತ್ರ ನಿಲ್ಸಿ. ಎಲ್ಲಾನೂ ನಿಲ್ಸಿ.’

‘ಆಯ್ತು ದೊಡ್ಡಕ್ಕ’ ಎಂದಿತು ಪಾಲಿಶಣ್ಣನ ದನಿ.

ಊಟದ ಹೊತ್ತಿನಲ್ಲೂ ನಿಲ್ಲದ ಯಂತ್ರಗಳು ಒಂದೊಂದಾಗಿ ನಿಂತವು. ನೆಲದ ನಡುಕ ನಿಂತಿತು. ಪೆಟ್ಟಿಗೆಯಲ್ಲಿ ಸದಾ ಕಿಣಿಕಿಣಿ ಎನ್ನುತ್ತಿದ್ದ ಪರೀಕ್ಷೆಯ ಲೆನ್ಸುಗಳು ಸುಮ್ಮನಾದವು. ಈ ಕೋಣೆ ಇಷ್ಟು ನಿಶ್ಶಬ್ದವಾಗಿದ್ದು ನಾನು ಕಂಡದ್ದು ಅದೇ ಮೊದಲು.

ತಿರುಗಿದಾಗ ದೊಡ್ಡಕ್ಕ ಅಂಗೈಯನ್ನು ಮೇಜಿಗೆ ಒತ್ತಿ ಕಣ್ಣು ಮುಚ್ಚಿ ಕೂತಿದ್ದರು. ‘ನಾನಲ್ಲ’ ಎಂದರು. ಮತ್ತೊಮ್ಮೆ, ‘ನಾನಲ್ಲ.’ ಕಣ್ಣಂಚಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

‘ದೊಡ್ಡಕ್ಕ, ನಾನು...’

‘ತಪ್ಪಾಯ್ತು ಅನ್ಬೇಡ.’ ದನಿ ಏರಲಿಲ್ಲ. ‘ನೀನು ಅಂದ್ರೆ ನಾನು ಇರ್ಲಿ ಬಿಡು ಅಂತೀನಿ. ಅದು ನನ್ನ ಅಭ್ಯಾಸ. ಇವತ್ತು ಅನ್ನೋಕೆ ಮನಸ್ಸಿಲ್ಲ.’

ಕೈಯಲ್ಲೇ ಇದ್ದ ಇಂಟರ್‌ಕಾಮನ್ನು ಅದರ ಜಾಗದಲ್ಲಿಟ್ಟೆ.

‘ಒಂಬತ್ತು ದಿನ’ ಎಂದರು. ‘ಬೆಳಿಗ್ಗೆ ಎದ್ದು ಮೊದಲು ಮಗನ ಹೆಸರು ಹೇಳ್ಕೋತಿದ್ದೆ. ಬಂತಾ, ಬಂತು. ಆಮೇಲೇ ಹಾಸಿಗೆಯಿಂದ ಏಳ್ತಿದ್ದೆ. ಅದು ಬಿಡು. ಆ ಶನಿವಾರದ ಸಾಲು ಹೊಡೆದುಹಾಕು.’

ಹೊಡೆದುಹಾಕಿದೆ. ಫಾರಂ ಹರಿಯಲು ಅವರು ಬಿಡಲಿಲ್ಲ. ಅಮ್ಮನಿಗೆ ಇದ್ದದ್ದರಿಂದ ಹೇಗೂ ಒಮ್ಮೆ ತೋರಿಸಿಕೊಳ್ಳುತ್ತೇನೆಂದು ಮಡಚಿ ಜೇಬಿಗಿಟ್ಟರು. ಎದ್ದು ಬಾಗಿಲವರೆಗೆ ಹೋದವರು ತಿರುಗಿದರು.

‘ಯಂತ್ರ ನಿಂತಿವೆ. ಇಳಿದು ಬಂದು ಶುರು ಮಾಡೋಕೆ ಹೇಳು. ನಿನ್ನ ದನೀಲಿ. ಯಾಕೆ ನಿಂತವು ಅಂತಾನೂ ಹೇಳು.’

ಅವರ ಹಿಂದೆಯೇ ಇಳಿದೆ. ಎಲ್ಲರ ಮುಂದೆ ನಿಂತು ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ, ಯಾರೂ ಬೈಯಲಿಲ್ಲ. ಪಾಲಿಶಣ್ಣ ತನ್ನ ಕೈಯಲ್ಲಿದ್ದ ಲೆನ್ಸನ್ನೇ ನೋಡುತ್ತಾ, ‘ನಾನೇ ಅಲ್ವಾ ದೊಡ್ಡಕ್ಕನಿಗೆ ಸಾಕ್ಷಿ ಹೇಳಿದ್ದು’ ಎಂದ. ಅಷ್ಟು ಹೇಳಿ ಯಂತ್ರ ಶುರು ಮಾಡಿದ. ದೊಡ್ಡಕ್ಕ ತಮ್ಮ ಹಳೇ ಕುರ್ಚಿ ಎಳೆದುಕೊಂಡು, ಕಾಯುತ್ತಿದ್ದ ಟ್ರೇ ಹತ್ತಿರ ಸರಿಸಿ, ಮೊದಲ ಚುಕ್ಕೆ ಇಟ್ಟರು. ಯಾರಿಗೂ ತೋರಿಸಲಿಲ್ಲ.

ಮೇಲಿನವರಿಗೂ ಅಂದೇ ಹೇಳಿದೆ. ‘ನಾನು ಕುರ್ಚಿ ಹತ್ತಿ ಕುಣಿದೆನಲ್ಲೇ’ ಎಂದ ಸ್ಕ್ರೂ, ಆಮೇಲೆ ಎರಡು ದಿನ ಮಾತಾಡಲಿಲ್ಲ. ಗೆಲುವು ಕೆಳಗಿನ ತಂಡಕ್ಕೆ ಹೋಯಿತು. ಅವರು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ‘ಮಾಡೇ, ಮಾಡೇ’ ಎಂದು ಯಾರೂ ಕೇಳುವುದಿಲ್ಲ.

ಕೆಲಸವೇನೋ ನಡೆಯುತ್ತದೆ. ‘ಹದಿನೇಳನೇ ನಂಬರ್ ಟ್ರೇ ಮೇಲೆ ಕಳಿಸಿ’ ಎಂದು ಇಂಟರ್‌ಕಾಮಿನಲ್ಲಿ ಹೇಳುತ್ತೇನೆ. ಮೊದಲು ಟ್ರೇ ಬರುತ್ತಿತ್ತು. ಈಗ ಪಾಲಿಶಣ್ಣ ಬರಿಗೈಯಲ್ಲಿ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

‘ಟ್ರೇ ಕೇಳಿದ್ದು ನೀನೇನಾ?’

‘ನಾನೇ ಅಣ್ಣ.’

ನನ್ನ ಮುಖ ನೋಡುತ್ತಾನೆ. ಆಮೇಲೆ ಇಳಿದು ಹೋಗಿ ಟ್ರೇ ತರುತ್ತಾನೆ.